ಪರದೇಶದ ಲೈಸನ್ಸು, ತವರಿನ ಹಾದಿ

2023ರ ಜನವರಿ. ಸಂಕ್ರಮಣ ಮುಗಿದು ನಾಲ್ಕು ದಿನಗಳಾಗಿದ್ದವು. ನಿಪ್ಪಾಣಿಯ ನಮ್ಮ ಮನೆಯ ಅಂಗಳದಲ್ಲಿ ಮೈದುನನ ಕಾರು ನಿಂತಿತ್ತು. ಅದರ ಕೀಲಿಕೈಯನ್ನು ಅತ್ತೆಯವರು ದೇವರ ಜಗುಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಇರಿಸಿದ್ದರು. ಪೂಜೆ ಮುಗಿಸಿ ಎದ್ದವರೇ ಅದನ್ನು ತೆಗೆದು ನನ್ನ ಕೈಗಿತ್ತರು.

"ಯವ್ವಾ, ಇಷ್ಟ ವರ್ಷ ಪರದೇಶದಾಗ ಗಾಡಿ ಹೊಡದೀ. ಈ ಸಲ ನನ್ನ ನೀನ ಕರಕೊಂಡ ಹೋಗು. ಯಡೂರ ವೀರಭದ್ರನ ನೋಡಬೇಕು, ಚಿಂಚಲಿ ಮಾಯಕ್ಕನ ನೋಡಬೇಕು, ಅಥಣಿ ಗಚ್ಚಿನಮಠಕ್ಕ ಹೋಗಬೇಕು. ಆದರ ಒಂದ ಮಾತು, ಹೊತ್ತ ಮುಳಗೂದರಾಗ ಗಾಡಿ ನಿಂತಿರಬೇಕು," ಎಂದರು.

ಎಪ್ಪತ್ತೆಂಟು ವಯಸ್ಸಿನ ಅತ್ತೆಯವರು ವಿಧಿಸಿದ ಆ ಕೊನೆಯ ಷರತ್ತಿನ ಕಾರಣ ನಮ್ಮ ಮನೆಯವರಿಗೆಲ್ಲ ಗೊತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಸುಮ್ಮನೆ ತಲೆಯಾಡಿಸಿದೆನು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ಹೀಗೆ ಐದು ತಾಲೂಕುಗಳಲ್ಲಿ ಮೂರು ದಿನ ನಾವಿಬ್ಬರೇ ಮಾಡಿದ ಆ ಪ್ರವಾಸದ ಅನುಭವವನ್ನು ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳುವುದು ಈ ಬರಹದ ಉದ್ದೇಶ.

ಅಲ್ಲಿ ಕಲಿತದ್ದು

ನಾನು ಕಾಗವಾಡದ ಬಳಿಯ ಹಳ್ಳಿಯೊಂದರ ಒಕ್ಕಲು ಮನೆತನದ ಮಗಳು. ಮದುವೆಯಾಗಿ ನಿಪ್ಪಾಣಿಗೆ ಬಂದ ಮರುವರ್ಷ, 2007ರಲ್ಲಿ, ವೈದ್ಯರಾದ ನಮ್ಮ ಯಜಮಾನರಿಗೆ ಇಂಗ್ಲಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ದೊರೆತು ಇಬ್ಬರೂ ಬರ್ಮಿಂಗ್‌ಹ್ಯಾಮಿನ ಸಮೀಪದ ಊರಿಗೆ ಹೋದೆವು. ತವರಿನಲ್ಲಿ ಅಪ್ಪನ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕುಳಿತು ಹೊಲಕ್ಕೆ ಹೋದದ್ದನ್ನು ಬಿಟ್ಟರೆ ವಾಹನದ ಗಾಲಿ ಹಿಡಿಯುವ ಯೋಗ ನನಗೆ ಬಂದಿರಲಿಲ್ಲ.

ಭಾರತದ ಲೈಸನ್ಸು ಉಳ್ಳವರು ಬ್ರಿಟನ್ನಿನಲ್ಲಿ ನೆಲೆಸಿದ ದಿನದಿಂದ ಹನ್ನೆರಡು ತಿಂಗಳು ಮಾತ್ರ ಅದರ ಆಧಾರದ ಮೇಲೆ ಕಾರು ಓಡಿಸಬಹುದು. ಆಮೇಲೆ ಅಲ್ಲಿಯ ಪರೀಕ್ಷೆ ಕಟ್ಟಲೇಬೇಕು. ಚಿಕ್ಕೋಡಿ, ಬೆಳಗಾವಿ ರಸ್ತೆಗಳಲ್ಲಿ ಹತ್ತು ವರ್ಷ ಕಾರು ಓಡಿಸಿದ್ದ ನಮ್ಮ ಯಜಮಾನರು ಹದಿಮೂರನೆಯ ತಿಂಗಳಲ್ಲಿ ಕಲಿಯುವವರ ಕೆಂಪು 'ಎಲ್' ಫಲಕವನ್ನು ಕಾರಿಗೆ ಅಂಟಿಸಿಕೊಂಡು, ಪಕ್ಕದಲ್ಲಿ ಮೂರು ವರ್ಷ ಹಳೆಯ ಲೈಸನ್ಸಿನ ಹುಬ್ಬಳ್ಳಿಯ ಗೆಳೆಯರೊಬ್ಬರನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋಗಬೇಕಾಯಿತು. ರಸ್ತೆ ಎಡಬದಿಯದೇ, ಗಾಲಿ ಬಲಬದಿಯದೇ, ಎಲ್ಲವೂ ನಮ್ಮಲ್ಲಿಯಂತೆಯೇ. ಆದರೂ ನಾವು ಮತ್ತೆ ಅಕ್ಷರಾಭ್ಯಾಸದಿಂದ ತೊಡಗಬೇಕಾಯಿತು. ವಿಮೆಯವರಂತೂ ಊರಿನಲ್ಲಿ ಓಡಿಸಿದ ವರ್ಷಗಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಹಳೆಯ ಚಿಕ್ಕ ಕಾರಿನ ಬೆಲೆಯ ಅರ್ಧಕ್ಕಿಂತ ಹೆಚ್ಚು ಹಣ ಮೊದಲ ವರ್ಷದ ವಿಮೆಗೇ ಹೋಯಿತು.

ಯಜಮಾನರ ಹಿಂದೆಯೇ ನಾನೂ ಕಲಿಯಲು ನಿಂತೆನು. ಮೊದಲು ಬರಹದ ಪರೀಕ್ಷೆ: ಐವತ್ತು ಪ್ರಶ್ನೆಗಳಲ್ಲಿ ನಲವತ್ಮೂರಕ್ಕೆ ಸರಿಯುತ್ತರ ಬೇಕು. ಜೊತೆಯಲ್ಲಿಯೇ ಚಿತ್ರದ ತುಣುಕುಗಳನ್ನು ತೋರಿಸಿ, ಅಪಾಯ ಎಲ್ಲಿ ಹುಟ್ಟುತ್ತಿದೆ ಎಂಬುದನ್ನು ಅದು ಹುಟ್ಟುವ ಕ್ಷಣದಲ್ಲಿಯೇ ಗುರುತಿಸಬಲ್ಲೆವೋ ಇಲ್ಲವೋ ಎಂದು ನೋಡುತ್ತಾರೆ. ಇವೆರಡರಲ್ಲಿಯೂ ಗೆದ್ದ ಮೇಲೆ ಪರೀಕ್ಷಕರು ಪಕ್ಕದಲ್ಲಿ ಕುಳಿತು ಸುಮಾರು ನಲವತ್ತು ನಿಮಿಷ ರಸ್ತೆಯ ಪರೀಕ್ಷೆ ಮಾಡುತ್ತಾರೆ. ಮೊದಲ ಸಲ ನಾನು ಅನುತ್ತೀರ್ಣಳಾದೆನು. ಬಿಳಿ ಪಟ್ಟಿಯ ದಾಟುದಾರಿಯ ಮೇಲೆ ಮುದುಕಿಯೊಬ್ಬಳು ಒಂದು ಹೆಜ್ಜೆ ಇಟ್ಟಿದ್ದಳು. ಅವಳು ನಿಂತು ನನ್ನನ್ನು ಬಿಟ್ಟುಕೊಡುವಳೆಂದು ನಾನು ಮುಂದೆ ಸಾಗಿದೆನು. ಪರೀಕ್ಷಕರು ತಮ್ಮ ಕಾಲಿನಡಿಯ ಬ್ರೇಕು ಒತ್ತಿ ಕಾರನ್ನು ನಿಲ್ಲಿಸಿದರು. ಅವರು ಗದರಿಸಲಿಲ್ಲ. ಆ ಮುದುಕಿ ನನಗೆ ಕೈಯೆತ್ತಿ ನಮಸ್ಕರಿಸಿದಂತೆ ಮಾಡಿ ದಾಟಿಹೋದಳು. ಅಂದಿನ ನಾಚಿಕೆ ನನಗೆ ಇಂದಿಗೂ ಪಾಠವಾಗಿ ಉಳಿದಿದೆ.

2022ರ ಜನವರಿಯಲ್ಲಿ ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕದಲ್ಲಿ ಈ ಮಾತನ್ನೇ ಸ್ಪಷ್ಟವಾಗಿ ಸೇರಿಸಿದರು. ರಸ್ತೆಯ ಮೇಲೆ ಯಾರು ಇತರರಿಗೆ ಹೆಚ್ಚಿನ ಹಾನಿ ಮಾಡಬಲ್ಲರೋ ಅವರದೇ ಹೆಚ್ಚಿನ ಹೊಣೆ. ಲಾರಿಯವನಿಗೆ ಕಾರಿನವನ ಚಿಂತೆ ಇರಬೇಕು, ಕಾರಿನವನಿಗೆ ಸೈಕಲ್ಲಿನವನ ಚಿಂತೆ, ಸೈಕಲ್ಲಿನವನಿಗೂ ನಡೆಯುವವನ ಚಿಂತೆ. ನಡೆಯುವವರಲ್ಲಿಯೂ ಮಕ್ಕಳು, ವೃದ್ಧರು, ಅಂಗವಿಕಲರು ಮೊದಲು. ದೊಡ್ಡದನ್ನು ಕಂಡು ಚಿಕ್ಕದು ಹೆದರಿ ಸರಿಯಬೇಕೆಂಬ ನಮ್ಮ ರಸ್ತೆಯ ರೂಢಿಗೆ ಇದು ತೀರ ವಿರುದ್ಧವಾದುದು. ಆದರೆ ನಮ್ಮ ಶರಣರ ದಯೆಯ ಮಾತಿಗೆ ಅದು ಎಷ್ಟು ಹತ್ತಿರ!

ಮನ ಮುಟ್ಟಿದ ಇನ್ನೊಂದು ಸಂಗತಿ ಕಾರಿನ ಕಾಗದದಲ್ಲಿತ್ತು. ಅಲ್ಲಿಯ ನೋಂದಣಿ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ 'ಒಡೆಯ' ಎಂದು ಬರೆಯುವುದಿಲ್ಲ. 'ನೋಂದಾಯಿತ ಪಾಲಕ' ಎಂದಷ್ಟೇ ಬರೆಯುತ್ತಾರೆ. ಈ ಕಾಗದ ಒಡೆತನದ ಸಾಕ್ಷಿಯಲ್ಲ ಎಂದೂ ಅದರ ಮೇಲೆಯೇ ಮುದ್ರಿಸಿರುತ್ತಾರೆ. ಕಾರನ್ನು ಯಾರು ಇಟ್ಟುಕೊಂಡಿದ್ದಾರೆ, ಅದರ ತೆರಿಗೆ, ದಂಡ, ವಾರ್ಷಿಕ ತಪಾಸಣೆ ಇವುಗಳಿಗೆ ಯಾರು ಉತ್ತರ ಕೊಡಬೇಕು ಎಂಬುದಷ್ಟೇ ಸರಕಾರಕ್ಕೆ ಬೇಕು. ಒಡೆಯರಲ್ಲದೆ ಪಾಲಕರಾಗಿ ಬಾಳುವ ಪಾಠವನ್ನು ದಾಸೋಹ ತತ್ತ್ವದಲ್ಲಿ ಕೇಳಿ ಬೆಳೆದ ನನಗೆ ಆ ಕಾಗದ ಸರಕಾರಿ ಕಾಗದದಂತೆಯೇ ಕಾಣಲಿಲ್ಲ.

2015ರ ನವೆಂಬರ 14ರಂದು ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ, ಪಾರ್ಲಿಮೆಂಟಿನ ಸಮೀಪದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಬಸವೇಶ್ವರರ ಪುತ್ಥಳಿ ಅನಾವರಣಗೊಂಡಿತು. ಕೆಲ ದಿನಗಳ ಬಳಿಕ ನಾವು ಮಕ್ಕಳೊಂದಿಗೆ ದರ್ಶನಕ್ಕೆ ಹೋದೆವು. ಲಂಡನ್ನಿನ ನಡುಭಾಗಕ್ಕೆ ಕಾರು ಒಯ್ದರೆ 2003ರಿಂದ ಪ್ರತ್ಯೇಕ ಸುಂಕವಿದೆ. ಕಾರನ್ನು ಹೊರವಲಯದ ನಿಲ್ದಾಣದಲ್ಲಿ ಬಿಟ್ಟು, ರೈಲಿನಲ್ಲಿ ಹೋಗಿ, ಕೊನೆಯ ದಾರಿಯನ್ನು ನಡೆದೇ ಕ್ರಮಿಸಿದೆವು. ಅಣ್ಣನವರ ಬಳಿಗೆ ನಡೆದು ಹೋದುದೇ ಸರಿಯಾಯಿತೆಂದು ಅಂದು ಎನಿಸಿತು.

ಊರಿನಲ್ಲಿಯೇ ಪರದೇಶಿ

ಈ ನಡುವೆ ನಾವು ಅಲ್ಲಿಯ ಪೌರತ್ವ ಪಡೆದಿದ್ದೆವು. ಹೀಗಾಗಿ ನಿಪ್ಪಾಣಿಯಲ್ಲಿ ಕಾರು ಓಡಿಸಲು ನನಗೆ ಅಂತರರಾಷ್ಟ್ರೀಯ ಚಾಲನಾ ಪರವಾನಿಗೆ ಬೇಕಾಯಿತು. ಹೊರಡುವ ಮುನ್ನ ಅಲ್ಲಿಯ ಅಂಚೆ ಕಚೇರಿಯಲ್ಲಿ ಐದೂವರೆ ಪೌಂಡು ತೆತ್ತು ಒಂದು ವರ್ಷದ ಅವಧಿಯ ಚಿಕ್ಕ ಪುಸ್ತಕ ಮಾಡಿಸಿಕೊಂಡು ಬಂದಿದ್ದೆನು. ಅಲ್ಲಿ ಹೋದಾಗ ಪರದೇಶಿ, ಇಲ್ಲಿ ಬಂದಾಗಲೂ ಕಾಗದದ ಮೇಲೆ ಪರದೇಶಿ! ಪರದೇಶದಲ್ಲಿರುವ ನಮ್ಮ ಮಕ್ಕಳು ಇದನ್ನು ಗಮನದಲ್ಲಿ ಇರಿಸಿಕೊಳ್ಳುವುದು ಒಳಿತು. ಊರಿನ ಹಳೆಯ ಲೈಸನ್ಸಿನ ಅವಧಿ ಮುಗಿದು ಒಂದು ವರ್ಷ ದಾಟಿದರೆ, ನವೀಕರಣಕ್ಕೆ ಮತ್ತೆ ಪರೀಕ್ಷೆ ಕೊಡಬೇಕಾಗುತ್ತದೆ. ರಜೆಗೆ ಬಂದ ಮರುದಿನವೇ ತಮ್ಮನ ಕಾರಿನಲ್ಲಿ ಕುಳಿತು ಹೊರಡುವವರು ಇದನ್ನು ಮರೆಯುತ್ತಾರೆ. ಅಪಘಾತವಾದರೆ ವಿಮೆಯ ಆಸರೆ ತಪ್ಪುವ ಭಯವಿದೆ.

ಮೈದುನನ ಕಾರಿನದೂ ಪರದೇಶಿಯ ಕಥೆಯೇ. ಹಿಂದಿನ ಬೇಸಗೆಯಲ್ಲಿ ಆತ ಅದನ್ನು ಕೊಲ್ಲಾಪುರದ ಪರಿಚಿತರಿಂದ ಕೊಂಡಿದ್ದ. ಫಲಕದ ಮೇಲೆ ಕೊಲ್ಲಾಪುರದ 'ಎಂಎಚ್ 09' ಎಂದಿತ್ತು. ನಮ್ಮ ಚಿಕ್ಕೋಡಿ ಕಚೇರಿಯದು 'ಕೆಎ 23'. ಇಂಗ್ಲಂಡಿನಲ್ಲಿ ಕಾರು ದಕ್ಷಿಣದ ಕಡಲಿನಿಂದ ಸ್ಕಾಟ್ಲಂಡಿಗೆ ಹೋಗಿ ನೆಲೆಸಿದರೂ ಅದರ ಸಂಖ್ಯೆ ಬದಲಾಗಬೇಕಿಲ್ಲ. ಇಲ್ಲಿ ಅರ್ಧ ಗಂಟೆಯ ಹಾದಿಯಲ್ಲಿ ಗಡಿ ದಾಟಿದರೆ ಸಂಖ್ಯೆ ಬೇರೆ, ತೆರಿಗೆ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿನ ಪ್ರಕಾರ ಬೇರೆ ರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಇಟ್ಟುಕೊಂಡರೆ ಹೊಸ ಸಂಖ್ಯೆ ಪಡೆಯಬೇಕು. ಅದಕ್ಕೆ ಮೊದಲು ಹಳೆಯ ಕಚೇರಿಯ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿಯ ಜೀವಿತಾವಧಿ ತೆರಿಗೆ ಕಟ್ಟಬೇಕು, ಅಲ್ಲಿ ಕಟ್ಟಿದ್ದರಲ್ಲಿ ಉಳಿದ ಅವಧಿಯ ಹಣವನ್ನು ಮರಳಿ ಕೊಡಿರೆಂದು ಅರ್ಜಿ ಹಾಕಬೇಕು. 2021ರ ಸೆಪ್ಟೆಂಬರಿನಿಂದ 'ಬಿಎಚ್' ಎಂಬ ಭಾರತ ಸರಣಿಯ ಸಂಖ್ಯೆ ಬಂದಿದೆ. ಆದರೆ ಅದು ಸರಕಾರಿ ನೌಕರರಿಗೆ ಮತ್ತು ನಾಲ್ಕಾರು ರಾಜ್ಯಗಳಲ್ಲಿ ಕಚೇರಿಗಳುಳ್ಳ ಸಂಸ್ಥೆಗಳ ನೌಕರರಿಗೆ; ನಮ್ಮ ಮೈದುನನಂತಹ ಅಂಗಡಿಕಾರರಿಗಲ್ಲ.

ಗಡಿಯ ಜನಕ್ಕೆ ಮಾತ್ರ ಈ ಗೆರೆ ಬದುಕಿನಲ್ಲಿ ಕಾಣಿಸುವುದಿಲ್ಲ. ನಿಪ್ಪಾಣಿಯ ತಂಬಾಕು, ಬೀಡಿ ವ್ಯಾಪಾರಿಗೆ ಕೊಲ್ಲಾಪುರ ಪಕ್ಕದ ಪೇಟೆ. ಕಾಗವಾಡ, ಅಥಣಿಯ ರೋಗಿಗೆ ಮೀರಜದ ಆಸ್ಪತ್ರೆಗಳೇ ಹತ್ತಿರ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಬೀಗತನ ಎರಡೂ ಕಡೆ. 2021ರ ಕೋವಿಡ್ ದಿನಗಳಲ್ಲಿ ಕೊಗನೊಳ್ಳಿಯ ತಪಾಸಣಾ ಕಟ್ಟೆಯಲ್ಲಿ ವರದಿಯಿಲ್ಲದ ವಾಹನಗಳನ್ನು ತಡೆದಾಗಲೇ ಅನೇಕರಿಗೆ ಆ ಗೆರೆ ಕಣ್ಣಿಗೆ ಬಿದ್ದದ್ದು.

ದೀಪದ ಭಾಷೆ

ಮೊದಲ ದಿನ ನಿಪ್ಪಾಣಿಯಿಂದ ಚಿಕ್ಕೋಡಿಗೆ ಹೊರಟೆವು. ಪುಣೆ–ಬೆಂಗಳೂರು ಹೆದ್ದಾರಿಯ ಭೋರ್ಗರೆತ ಹಿಂದುಳಿದು, ಇಕ್ಕೆಲಗಳಲ್ಲಿ ಕಬ್ಬು ತಲೆಯೆತ್ತಿ ನಿಂತ ದಾರಿ ಎದುರಾಯಿತು. ನಿಪ್ಪಾಣಿಗೂ ಅಥಣಿಗೂ ರೈಲಿಲ್ಲ. 'ಚಿಕ್ಕೋಡಿ ರೋಡ್' ಎಂಬ ನಿಲ್ದಾಣವಿದೆ. ಹೆಸರೇ ಹೇಳುವಂತೆ ಅದು ಊರಲ್ಲ, ಊರಿಗೆ ಹೋಗುವ ರಸ್ತೆ ಮಾತ್ರ. ಹೀಗಾಗಿ ಈ ನಾಡಿನ ಬದುಕೆಲ್ಲ ಡಾಂಬರಿನ ಮೇಲೆಯೇ ಓಡಾಡುತ್ತದೆ. ಎಸ್‌ಟಿ ಬಸ್ಸು, ಟಂಟಂ, ಹಾಲಿನ ಕ್ಯಾನು ತೂಗುಹಾಕಿದ ಮೋಟಾರ್ ಸೈಕಲ್ಲು, ಮೇವಿನ ಚಕ್ಕಡಿ ಎಲ್ಲಕ್ಕೂ ಅದೊಂದೇ ದಾರಿ. ಅಕ್ಟೋಬರ, ನವೆಂಬರಿನಿಂದ ಶಿವರಾತ್ರಿಯ ವರೆಗೆ ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳೂ ಅದೇ ದಾರಿಗೆ ಇಳಿಯುತ್ತವೆ.

ಚಿಕ್ಕೋಡಿಯಲ್ಲಿ ಬಂಧುಗಳ ಮನೆಯಲ್ಲಿ ಚಹಾ ಕುಡಿದು ಯಡೂರಿನ ಕಡೆ ತಿರುಗಿದೆವು. ಕಲ್ಲೋಳ–ಯಡೂರ ಸೇತುವೆ ತೀರ ಕೆಳಮಟ್ಟದ್ದು. ಮಳೆಗಾಲದಲ್ಲಿ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಇಲ್ಲಿ ಮುಳುಗುವ ಸೇತುವೆಗಳ ಹೆಸರು ಪತ್ರಿಕೆಯಲ್ಲಿ ಬಂದಾಗ ಇದರ ಹೆಸರು ತಪ್ಪುವುದಿಲ್ಲ. ಜನವರಿಯಲ್ಲಿ ನದಿ ಶಾಂತವಾಗಿತ್ತು. ನಾನು ಸೇತುವೆಯ ಬಾಯಿಗೆ ಬರುವ ಹೊತ್ತಿಗೆ ಆಚೆಯ ದಂಡೆಯಿಂದ ಟೆಂಪೊ ಒಂದು ಎದುರಾಗಿ ಎರಡು ಸಲ ದೀಪ ಮಿನುಗಿಸಿತು. 'ನೀವು ಮೊದಲು ಬನ್ನಿ' ಎಂದನೆಂದು ತಿಳಿದು ನಾನು ಸೇತುವೆಯನ್ನು ಏರಿದೆನು. ಆತ ನಿಲ್ಲಲಿಲ್ಲ, ನಾನೂ ನಿಲ್ಲಲಿಲ್ಲ. ನಡು ಸೇತುವೆಯಲ್ಲಿ ಎರಡೂ ವಾಹನಗಳು ಮುಖಾಮುಖಿಯಾಗಿ, ಒಂದು ಮೊಳದ ಅಂತರದಲ್ಲಿ, ಕಿರುಚಿಕೊಂಡು ನಿಂತವು.

ಅತ್ತೆಯವರ ಕೈ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದಿತ್ತು. ಅವರು ಬಯ್ಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅಂವಾ ನಿನಗ ದಾರಿ ಕೊಟ್ಟಿದ್ದಿಲ್ಲವಾ. ತಾ ಬರ್ತೇನಿ, ನೀ ನಿಲ್ಲ ಅಂದಾ," ಎಂದರು.

ಇಂಗ್ಲಂಡಿನ ರೂಢಿಯಲ್ಲಿ ದೀಪ ಮಿನುಗಿಸಿದರೆ 'ನೀವು ಹೋಗಿ' ಎಂದರ್ಥ. ನಮ್ಮಲ್ಲಿ 'ನಾನು ಬಂದೆ' ಎಂದರ್ಥ. ಹದಿನಾಲ್ಕು ವರ್ಷ ಒಂದು ಭಾಷೆಯಲ್ಲಿ ಬದುಕಿದ ಕಣ್ಣು ತವರಿನ ಭಾಷೆಯನ್ನು ಮರೆತಿತ್ತು. ಟೆಂಪೊದವನು ಇಳಿದು ಬಂದು, ಅತ್ತೆಯವರ ಮುಖ ನೋಡಿ ದನಿ ತಗ್ಗಿಸಿ, "ಸಾವಕಾಶ ಹಿಂದ ಸರೀರಿ ಅಕ್ಕಾರ, ನಾ ತೋರಸ್ತೇನಿ," ಎಂದು ಕೈಸನ್ನೆ ಮಾಡುತ್ತ ನನ್ನನ್ನು ಹಿಂದಕ್ಕೆ ದಾಟಿಸಿದನು. ಆ ದಿನ ವೀರಭದ್ರನ ಸನ್ನಿಧಿಯಲ್ಲಿ ಅತ್ತೆಯವರು ಒಂದು ಕಾಯಿ ಹೆಚ್ಚಿಗೆ ಒಡೆಸಿದರು.

ರಾಯಬಾಗದ ರಸ್ತೆ

ಎರಡನೆಯ ದಿನ ಚಿಕ್ಕೋಡಿಯಿಂದ ರಾಯಬಾಗದ ಕಡೆ ಹೊರಟೆವು. ಊರು ಬಿಟ್ಟು ಕೆಲ ಮೈಲಿ ಹೋದ ಮೇಲೆ ಅತ್ತೆಯವರು, "ಇಲ್ಲೇ ನಿಲ್ಲಸು," ಎಂದರು. ಒಂದು ಬೇವಿನ ಮರ, ಒಂದು ಕಿರುಸೇತುವೆ. ಅವರು ಇಳಿಯಲಿಲ್ಲ, ಕಿಟಕಿಯ ಗಾಜು ಇಳಿಸಿ ಕೈಮುಗಿದರು.

ನಮ್ಮ ಮಾವನವರು ಪ್ರಾಥಮಿಕ ಶಾಲೆಯ ಗುರುಗಳಾಗಿದ್ದರು. 1996ರ ಜನವರಿಯ ಒಂದು ರಾತ್ರಿ ರಾಯಬಾಗದ ಕಡೆಯ ಮದುವೆಯೊಂದನ್ನು ಮುಗಿಸಿಕೊಂಡು ಸ್ಕೂಟರಿನಲ್ಲಿ ಮರಳುತ್ತಿದ್ದರು. ಅಚ್ಚು ಮುರಿದ ಕಬ್ಬಿನ ಟ್ರೇಲರೊಂದು ರಸ್ತೆಯ ಮೇಲೆಯೇ ನಿಂತಿತ್ತು. ಹಿಂದೆ ದೀಪವಿಲ್ಲ, ಹೊಳೆಯುವ ಬಿಲ್ಲೆಯಿಲ್ಲ. ಕಬ್ಬಿನ ಸೋಗೆ ರಸ್ತೆಯ ಕತ್ತಲೆಯಲ್ಲಿ ಬೆರೆತುಹೋಗಿತ್ತು. ಬಿದ್ದವರನ್ನು ನೋಡಿದವರು ಇದ್ದರು. ಆದರೆ ಪೊಲೀಸು, ಸಾಕ್ಷಿ, ಕೋರ್ಟು ಎಂಬ ಭಯಕ್ಕೆ ಯಾರೂ ಮುಟ್ಟಲಿಲ್ಲವಂತೆ. ಬೆಳಗಿನ ಬಸ್ಸಿನವರು ಅವರನ್ನು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಆ ರಾತ್ರಿ ಒಂದ ಕಂದೀಲ ಹಚ್ಚಿಟ್ಟಿದ್ರ ಸಾಕಿತ್ತವಾ," ಎಂದರು ಅತ್ತೆಯವರು. ಇಪ್ಪತ್ತೇಳು ವರ್ಷಗಳಲ್ಲಿ ನನ್ನ ಮುಂದೆ ಈ ವಿಷಯವಾಗಿ ಅವರಾಡಿದ ಮೊದಲ ಮಾತು ಅದು.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 134ಎ ಎಂಬ ಕಲಮು ಸೇರಿದೆ. ಗಾಯಗೊಂಡವರಿಗೆ ಸದ್ಭಾವನೆಯಿಂದ ನೆರವಾದವರನ್ನು ಕಾನೂನು ರಕ್ಷಿಸುತ್ತದೆ. ನೆರವಾದವರು ಹೆಸರು ಹೇಳಲೇಬೇಕೆಂದು ಬಲವಂತಪಡಿಸುವಂತಿಲ್ಲ. ಈ ಸಂಗತಿ ಇನ್ನೂ ಎಷ್ಟೋ ಮನೆಗಳಿಗೆ ತಲುಪಿಲ್ಲ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಜನ. ಅದೇ ವರ್ಷ ಬ್ರಿಟನ್ನಿನಲ್ಲಿ ಮಡಿದವರು ಸುಮಾರು 1,700. ನಮ್ಮ ಜನಸಂಖ್ಯೆ ಅವರದರ ಇಪ್ಪತ್ತು ಪಟ್ಟು ಎಂದು ಹಿಡಿದರೂ ಮಡಿದವರು ನೂರು ಪಟ್ಟು. ಈ ಅಂಕಿಗಳಲ್ಲಿ ಒಂದೊಂದೂ ಒಂದು ಮನೆಯ ಬೇವಿನ ಮರ.

ರಾಯಬಾಗ ಒಂದು ಕಾಲಕ್ಕೆ ಕೊಲ್ಲಾಪುರ ಸಂಸ್ಥಾನದ ಭಾಗವಾಗಿತ್ತು. ಅದನ್ನು ದಾಟಿ ಚಿಂಚಲಿಗೆ ಬಂದೆವು. ಭಾರತ ಹುಣ್ಣಿಮೆಯ ಜಾತ್ರೆಗೆ ಇನ್ನೂ ದಿನಗಳಿದ್ದವು. ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಇಂದಿಗೂ ಸಾಲುಸಾಲಾಗಿ ಚಕ್ಕಡಿಗಳು ಬರುತ್ತವೆ. ಆ ಚಕ್ಕಡಿಗಳಿಗೆ ಸಂಖ್ಯಾಫಲಕವೂ ಇಲ್ಲ, ನಿರಾಕ್ಷೇಪಣಾ ಪತ್ರವೂ ಇಲ್ಲ. ತಾಯಿಯ ಹೆಸರು ಹೇಳಿದರೆ ಸಾಕು, ದಾರಿಯಲ್ಲಿ ಎತ್ತುಗಳಿಗೆ ನೀರು, ಜನಕ್ಕೆ ರೊಟ್ಟಿ ದೊರೆಯುತ್ತವೆ. ಕುಡಚಿಯ ಬಳಿ ಕೃಷ್ಣೆಯನ್ನು ದಾಟುವಾಗ, 2019ರ ಆಗಸ್ಟಿನ ಮಹಾಪೂರದಲ್ಲಿ ನೀರು ಎಲ್ಲಿಯ ವರೆಗೆ ಬಂದಿತ್ತೆಂದು ದಾರಿಹೋಕರೊಬ್ಬರು ಕೈಯೆತ್ತಿ ತೋರಿಸಿದರು.

ಕಾಗವಾಡ, ಅಥಣಿ

ಉಗಾರದಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರುಗಳ ಸಾಲು ಮೈಲಿಯುದ್ದ ನಿಂತಿತ್ತು. ಕಾಕಂಬಿಯ ವಾಸನೆ ಕಾರಿನೊಳಗೂ ತುಂಬಿತು. ಶೇಡಬಾಳದ ಬಳಿ ರಸ್ತೆಯ ಅಂಚಿನಲ್ಲಿ ದಿಗಂಬರ ಮುನಿಗಳೊಬ್ಬರು ಕೆಲವು ಶ್ರಾವಕರೊಂದಿಗೆ ನಡೆದು ಬರುತ್ತಿದ್ದರು. ಶೇಡಬಾಳ ಆಚಾರ್ಯ ವಿದ್ಯಾನಂದರು ಜನಿಸಿದ ಊರು. ಇತ್ತ ಚಿಕ್ಕೋಡಿ ಕಡೆಯ ಸದಲಗಾ ಆಚಾರ್ಯ ವಿದ್ಯಾಸಾಗರರು ಜನಿಸಿದ ಊರು. ಜೈನ ಮುನಿಗಳು ಯಾವ ವಾಹನವನ್ನೂ ಏರುವುದಿಲ್ಲ. ದೇಶವನ್ನೆಲ್ಲ ಬರಿಗಾಲಿನಲ್ಲಿಯೇ ಸುತ್ತುತ್ತಾರೆ. ನಾನು ವೇಗ ತಗ್ಗಿಸಿ ಕಾರನ್ನು ಬದಿಗೆ ನಿಲ್ಲಿಸಿದೆನು. ಹಿಂದಿನ ವಾಹನದವರು ಹಾರನ್ನಿನ ಮೇಲೆ ಹಾರನ್ನು ಬಾರಿಸಿದರು. ನಡೆಯುವವನೇ ಮೊದಲು ಎಂಬ ನಿಯಮವನ್ನು ಪರದೇಶದ ಪುಸ್ತಕದಲ್ಲಿ ಓದಿದ್ದೆನು. ಅದರ ಅರ್ಥ ಹೊಳೆದದ್ದು ಶೇಡಬಾಳದ ರಸ್ತೆಯಲ್ಲಿ.

ಆ ರಾತ್ರಿ ನನ್ನ ತವರಿನಲ್ಲಿ ತಂಗಿದೆವು. ಹೊತ್ತು ಮುಳುಗುವ ಮೊದಲೇ ತಲುಪಿದ್ದೆವು. ಅವ್ವ ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ ಬಡಿಸಿದಳು. ಬೀಗತಿಯರಿಬ್ಬರೂ ಬಹಳ ಹೊತ್ತು ಮಾತನಾಡುತ್ತ ಕುಳಿತರು.

ಮೂರನೆಯ ದಿನ ಅಥಣಿ. 17ನೆಯ ಶತಮಾನದಲ್ಲಿ ವಿಜಾಪುರ ಮತ್ತು ಗೋವೆಗಳ ನಡುವಿನ ದೊಡ್ಡ ಪೇಟೆಯಾಗಿದ್ದ ಈ ಊರಿನ ಹೆಸರು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಹಳೆಯ ಕಾಗದಪತ್ರಗಳಲ್ಲಿಯೂ ಬರುತ್ತದೆ. ನಾವು ಅವರ ನಾಡಿಗೆ ಹೋಗುವ ಎಷ್ಟೋ ಮೊದಲು ಅವರು ನಮ್ಮ ಅಥಣಿಯ ಹಾದಿ ಹಿಡಿದಿದ್ದರು. ಊರಿನ ಚರ್ಮದ ಕುಶಲಕರ್ಮಿಗಳು ಹೊಲಿಯುವ ಚಪ್ಪಲಿಗಳು ಕೊಲ್ಲಾಪುರದ ಹೆಸರಿನಲ್ಲಿ ಜಗತ್ತನ್ನು ಸುತ್ತುತ್ತವೆ. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳು ಆ ಗೌರವದಲ್ಲಿ ಪಾಲು ಪಡೆದವು. ಅತ್ತೆಯವರು ಒಂದು ಜೊತೆ ಕೊಂಡರು.

ಗಚ್ಚಿನಮಠದಲ್ಲಿ ಮುರುಘೇಂದ್ರ ಶಿವಯೋಗಿಗಳ ಸನ್ನಿಧಿಯಲ್ಲಿ ಕುಳಿತಾಗ ಮನಸ್ಸು ತಾನಾಗಿ ಹಗುರಾಯಿತು. 1836ರಿಂದ 1921ರ ವರೆಗೆ ಬಾಳಿದ ಆ ಮಹಾತ್ಮರ ಹೆಸರನ್ನು ಈ ಭಾಗದ ಮನೆಮನೆಗಳಲ್ಲಿ ಇಂದಿಗೂ ಬೆಳಗಿನ ಹೊತ್ತು ನೆನೆಯುತ್ತಾರೆ. ಪ್ರಸಾದ ಸ್ವೀಕರಿಸಿ ಏಳುವಷ್ಟರಲ್ಲಿ ಹೊತ್ತು ಇಳಿಯತೊಡಗಿತ್ತು. ಅಥಣಿಯಲ್ಲಿಯೇ ತಂಗೋಣವೆಂದು ನಾನೆಂದೆನು. ಅತ್ತೆಯವರು ಒಂದು ಕ್ಷಣ ಯೋಚಿಸಿ, "ಬ್ಯಾಡ, ಹೋಗೂಣು. ನೀ ಹೊಡಿಯೂದ ಮೂರ ದಿನಾ ನೋಡೇನಿ," ಎಂದರು.

ಮರಳುವಾಗ

ಕಾಗವಾಡದ ಮೇಲಿಂದ ಬಂದು, ಮಾಂಜರಿ–ಅಂಕಲಿ ಸೇತುವೆಯನ್ನು ದಾಟುವ ಹೊತ್ತಿಗೆ ಪೂರ್ತಿ ಕತ್ತಲಾಗಿತ್ತು. ಎದುರಿನ ವಾಹನಗಳ ದೀಪ ಕಣ್ಣು ಕುಕ್ಕುತ್ತಿತ್ತು. ಅತ್ತೆಯವರು ಕೊರಳಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡು ಮೌನವಾಗಿ ಕುಳಿತಿದ್ದರು. ಅಪಾಯ ಹುಟ್ಟುವ ಕ್ಷಣವನ್ನು ಗುರುತಿಸುವ ಆ ಹಳೆಯ ಪರೀಕ್ಷೆ ನೆನಪಾಯಿತು. ರಸ್ತೆಯ ಒಂದು ತುಂಡು ಮಾತ್ರ ಉಳಿದ ಕತ್ತಲೆಗಿಂತ ಹೆಚ್ಚು ಕಪ್ಪಾಗಿದೆಯೆಂದು ಅನಿಸಿ ವೇಗ ತಗ್ಗಿಸಿದೆನು. ಅದು ಕಬ್ಬಿನ ಟ್ರೇಲರು. ಗಾಲಿ ಪಂಕ್ಚರಾಗಿ ರಸ್ತೆಯ ಮೇಲೆಯೇ ನಿಂತಿತ್ತು. ಹಿಂದೆ ದೀಪವಿರಲಿಲ್ಲ.

ಸುತ್ತಿ ಹಾಯ್ದು ಹೋಗಬಹುದಾಗಿತ್ತು. ನಾನು ಅದರ ಹಿಂದೆ ಸಾಕಷ್ಟು ಅಂತರದಲ್ಲಿ ಕಾರನ್ನು ಬದಿಗೆ ನಿಲ್ಲಿಸಿ, ನಾಲ್ಕೂ ಮಿನುಗುದೀಪಗಳನ್ನು ಹಚ್ಚಿದೆನು. ಅತ್ತೆಯವರು ನಾನು ಹೇಳುವ ಮೊದಲೇ ಇಳಿದು ರಸ್ತೆಯಿಂದ ದೂರ ಹೊಲದ ಬದುವಿನ ಮೇಲೆ ನಿಂತರು. ಟ್ರ್ಯಾಕ್ಟರಿನ ಹುಡುಗನಿಗೆ ಇಪ್ಪತ್ತೂ ದಾಟಿರಲಿಲ್ಲ. "ಹೋಗ್ರಿ ಅಕ್ಕಾರ, ಗೆಳ್ಯಾ ಗಾಲಿ ತರಾಕ ಹೋಗ್ಯಾನ, ಈಗ ಬರ್ತಾನು," ಎಂದನು. ನಾವು ಹೋಗಲಿಲ್ಲ. ಒಂದು ಗಂಟೆ ನಿಂತೆವು. ಆ ಗಂಟೆಯಲ್ಲಿ ಎಷ್ಟು ಮೋಟಾರ್ ಸೈಕಲ್ಲುಗಳು ನಮ್ಮ ದೀಪ ಕಂಡು ವೇಗ ತಗ್ಗಿಸಿ ಬದಿಗೆ ಸರಿದು ಹೋದವೆಂದು ಅತ್ತೆಯವರು ಎಣಿಸುತ್ತಿದ್ದರು. ಹದಿನೇಳು ಎಂದು ಆಮೇಲೆ ನನಗೆ ಹೇಳಿದರು.

ಹೊರಡುವಾಗ ಅವರು ಆ ಹುಡುಗನ ತಲೆಯ ಮೇಲೆ ಕೈಯಿಟ್ಟು, "ತಮ್ಮಾ, ನಿನ್ನ ಹಿಂದ ಬರಾಂವಗೂ ಒಂದ ಮನಿ ಇರತೈತಿ," ಎಂದರು. ಅಷ್ಟೇ.

ಮರುದಿನ ಬೆಳಿಗ್ಗೆ ಮೈದುನನನ್ನು ಪೇಟೆಗೆ ಕಳಿಸಿ, ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿಯ ಸುರುಳಿಗಳನ್ನು ತರಿಸಿದರು. ನಮ್ಮ ಓಣಿಯಲ್ಲಿ ನಿಂತಿದ್ದ ನಾಲ್ಕು ಟ್ರೇಲರುಗಳ ಹಿಂಬದಿಗೆ, ಎರಡು ಚಕ್ಕಡಿಗಳಿಗೆ, ಹಾಲಿನವನ ಸೈಕಲ್ಲಿಗೆ ತಾವೇ ನಿಂತು ಅಂಟಿಸಿದರು. ಹಣ ಕೊಡಲು ಬಂದವರಿಗೆ, "ಇದು ಗುರುಗಳ ಹೆಸರಿಲೆ," ಎಂದು ಹೇಳಿ ಕಳಿಸಿದರು. ಆ ವರ್ಷದಿಂದ ಪ್ರತಿ ಕಬ್ಬಿನ ಹಂಗಾಮಿನ ಮೊದಲ ವಾರದಲ್ಲಿ ನಮ್ಮ ಮನೆಯಲ್ಲಿ ಈ ಕೆಲಸ ನಡೆಯುತ್ತಿದೆ. ಒಂದು ಸುರುಳಿ ಪಟ್ಟಿಗೆ ತಗಲುವುದು ಕೆಲವು ನೂರು ರೂಪಾಯಿ. ಟ್ರೇಲರಿನ ಹಿಂಬದಿಗೆ ಎರಡು ಮೊಳ, ಎರಡೂ ಪಕ್ಕಗಳಿಗೆ ಒಂದೊಂದು ಮೊಳ ಅಂಟಿಸಿದರೆ ಸಾಕು. ಕಬ್ಬು ಹೇರಿದಾಗ ಸೋಗೆ ಅದನ್ನು ಮುಚ್ಚದಂತೆ ನೋಡಿಕೊಳ್ಳಬೇಕು. ಈ ಪುಟಗಳನ್ನು ಓದುವ ಒಕ್ಕಲು ಮನೆತನಗಳ ತಾಯಂದಿರು ಮನಸ್ಸು ಮಾಡಿದರೆ ಯಾವ ಕಚೇರಿಯ ಆದೇಶವೂ ಬೇಕಾಗಿಲ್ಲ.

ಪರದೇಶ ನನಗೆ ಲೈಸನ್ಸು ಕೊಟ್ಟಿತು. ಅದನ್ನು ಯಾತಕ್ಕೆ ಬಳಸಬೇಕೆಂಬುದನ್ನು ಅಂಕಲಿಯ ರಸ್ತೆಯಲ್ಲಿ, ಎಂದೂ ಗಾಲಿ ಹಿಡಿಯದ ನಮ್ಮ ಅತ್ತೆಯವರು ಕಲಿಸಿದರು. ಮೈದುನನ ಕಾರಿಗೆ ಈಗ 'ಕೆಎ 23' ಬಂದಿದೆ. ಅದರ ಪುಸ್ತಕದಲ್ಲಿ ಒಡೆಯನೆಂದು ಆತನ ಹೆಸರಿದೆ. ಕೀಲಿಕೈ ಮಾತ್ರ ಇಂದಿಗೂ ದೇವರ ಜಗುಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿಯೇ ಇರುತ್ತದೆ.

ಎಲ್ಲರ ಹಾದಿಯೂ ಬೆಳಗಲಿ. ಶರಣು ಶರಣಾರ್ಥಿ.